ತೂಕ ನೋಡುವವಳು

ಕೆವೆದೊ ಊರಿನ ಬಾಲ್ಸಾ ಮಿಲ್ಲಿನಲ್ಲಿ ನನ್ನ ಕೆಲಸ
ಹಲಗೆ ಎತ್ತಿ ಹೇಳುವುದು:
ಹಗುರ, ಮಧ್ಯಮ, ಭಾರ.
ತಕ್ಕಡಿ ಇದೆ ಮೂಲೆಯಲ್ಲಿ. ಹದಿನಾರು ವರ್ಷದಿಂದ
ನನ್ನ ಮಾತನ್ನೇ ಮತ್ತೆ ಹೇಳುತ್ತದೆ ಅದು, ನಿಧಾನಕ್ಕೆ.

ಡಿಸೆಂಬರಿನ ಲಾಟರಿಯಲ್ಲಿ ಬೇರೆಯವರಿಗೆ ಕುಕ್ಕರು, ಕೋಳಿ.
ನನಗೆ ಬಂದದ್ದು ಜರ್ಮನಿಯ ಪೆಟ್ಟಿಗೆ,
ಯಾರೋ ಖರೀದಿದಾರ ಕೊಟ್ಟುಹೋದದ್ದಂತೆ,
ಮೂರು ವರ್ಷ ಮೇಸ್ತ್ರಿಯ ಬೀರುವಿನ ಮೇಲೆ ಧೂಳು ತಿಂದದ್ದು.
ಮುಚ್ಚಳದ ಮೇಲೆ ಹಿಮದ ಬೆಟ್ಟ, ಕೆಂಪು ವಿಮಾನ.
ತೆರೆದರೆ
ನಮ್ಮ ಮಿಲ್ಲಿನ ವಾಸನೆ.

ಇಲ್ಲಿಂದಲೇ ಹೋದದ್ದು! ಹಡಗು ಹತ್ತಿ, ಹಿಮ ಕಂಡು,
ಯಾವುದೋ ಯಂತ್ರದ ಬಾಯಲ್ಲಿ ಪಕ್ಕೆಲುಬಾಗಿ ಕೊಯ್ಯಿಸಿಕೊಂಡು,
ಮೈತುಂಬ ನಂಬರು ಒತ್ತಿಸಿಕೊಂಡು ತವರಿಗೆ ಬಂದಿದೆ ಮರ.
"ಏನೇ, ಎಷ್ಟು ಬಡವಾಗಿದ್ದೀ" ಅಂದೆ.

ಊಟದ ಮೇಜು ಹನ್ನೊಂದು ದಿನ ನಮ್ಮದಲ್ಲ.
ನಕ್ಷೆ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಸಿ,
ಗುಂಡುಸೂಜಿ ಚುಚ್ಚಿ ಚುಚ್ಚಿ ಎಲುಬು ನಿಲ್ಲಿಸಿದೆ.
ಎಲಿಯೆಸರ್, ಒಂಬತ್ತರ ಪೋರ, ಜರ್ಮನ್ ಬಲ್ಲವನಂತೆ
ಗಂಟಲು ಸರಿಮಾಡಿಕೊಂಡು ಅಂಕೆಗಳನ್ನಷ್ಟೇ ಓದಿದ.
ಅಂಟು, ರೆಪ್ಪೆ ಬಡಿಯುವುದರೊಳಗೆ ಹಿಡಿಯುವ ಜಾತಿಯದು.
ಆರನೆಯ ಎಲುಬಿನ ಜೊತೆ ನನ್ನ ಹೆಬ್ಬೆರಳೂ ಸೇರಿತು.
ಬ್ಲೇಡಿನಿಂದ ಬಿಡಿಸಿದೆ; ಒಂಚೂರು ನಾನು ಇನ್ನೂ ಅಲ್ಲೇ ಇದ್ದೇನೆ.

ಬಲರೆಕ್ಕೆಯ ನಾಲ್ಕನೆಯದನ್ನು ಎತ್ತಿದಾಗ ಕೈ ತಡೆಯಿತು.
ಭಾರ.
ಯಾರು ಬಿಟ್ಟರು ಇದನ್ನು? ಯಾವ ಮಧ್ಯಾಹ್ನ,
ಯಾವ ಜ್ವರದಲ್ಲಿ, ಯಾರ ಮೇಲಿನ ಸಿಟ್ಟಿಗೆ
ಹಗುರದ ರಾಶಿಗೆ ಎಸೆದೆ ನಾನು?
ಮರುದಿನ ಏಪ್ರನ್ನಿನ ಜೇಬಿನಲ್ಲಿ ಒಂದು ಚೂರು ತಂದು
ಹಳೆಯದನ್ನು ಮೇಲಿಟ್ಟು ಗೆರೆ ಎಳೆದು ಕೊಯ್ದೆ.
ಕದ್ದದ್ದಲ್ಲ, ತಪ್ಪು ತಿದ್ದಿದ್ದು.
ಮೇಸ್ತ್ರಿ ಕೇಳಿದರೆ ಹಾಗೇ ಹೇಳುತ್ತೇನೆ. ಕೇಳಿಲ್ಲ.

ರೆಕ್ಕೆಯ ತುದಿ ಎತ್ತರಿಸಲು ಟ್ಯೂನಾ ಡಬ್ಬಿ ಎರಡು.
ಕೆಂಪು ಹಾಳೆ ಮೆತ್ತಲು ಶಾಲೆಯ ಅಂಗಿಯ ಇಸ್ತ್ರಿಪೆಟ್ಟಿಗೆಯೇ.
ಸೋಮವಾರ ಅವನ ಕಾಲರಿನಲ್ಲಿ ಕೆಂಪು ಕಲೆ,
ಮೇಷ್ಟರಿಗೆ ಏನು ಹೇಳಿದನೋ.
ಬಿಸಿ ತಾಗಿ ಸುಕ್ಕು ಸರಕ್ಕನೆ ಮಾಯವಾದಾಗ
ಪಕ್ಕದ ಮನೆಯ ದೋನ್ಯಾ ಹೆನೊವೆವಾ ಕೆನ್ನೆ ಮುಂದೆ ಮಾಡಿದಳು:
"ನನಗೂ ಒಂದು ಸಲ ತೀಡು."

ಮೋಟಾರು, ಬ್ಯಾಟರಿ, ರಿಸೀವರು, ಬಾಲ ಅಲ್ಲಾಡಿಸುವ ಎರಡು ಸರ್ವೊ:
ಅಲ್ಲಿಗೆ ತಿಂಗಳ ಓವರ್‌ಟೈಮು ಮುಗಿಯಿತು.
ರೆಕ್ಕೆಯಡಿ ಎರಡು ಬೆರಳಿಟ್ಟು ಎತ್ತಿದೆ. ಬಾಲ ಕುಸಿಯಿತು.
ಮೂಗಿನೊಳಗೆ ಒಂದು ನಾಣ್ಯ. ಕುಸಿಯಿತು. ಎರಡು.
ಮೂರನೆಯದಕ್ಕೆ ಮಟ್ಟಸ ನಿಂತಿತು,
ಬೆರಳು ಮಾತ್ರ ನಡುಗುತ್ತಿತ್ತು.

ನಮ್ಮ ಆಕಾಶಕ್ಕೆ ಗೊತ್ತಿರುವುದು ಹಳದಿ ವಿಮಾನ ಒಂದೇ,
ಬಾಳೆತೋಟಕ್ಕೆ ಮದ್ದು ಹೊಡೆಯುವುದು.
ಸದ್ದು ಕೇಳಿತೋ, ನೀರಿನ ಡ್ರಮ್ಮು ಮುಚ್ಚು, ಬಟ್ಟೆ ಎಳೆ,
ಮಕ್ಕಳನ್ನು ಕರೆ, ಕಿಟಕಿ ಹಾಕು.

ಭಾನುವಾರ ಬೆಳಗ್ಗೆ ಫುಟ್‌ಬಾಲ್ ಮೈದಾನ, ಹುಲ್ಲೆಲ್ಲ ಒದ್ದೆ.
ಎಲಿಯೆಸರ್ ಓಡಿ ಎಸೆದ.
ಎಡಕ್ಕೆ ಒತ್ತಿದರೆ ಬಲಕ್ಕೆ ಹೊರಟಿತು, ನೆಟ್ಟಗೆ ಗೋಲುಕಂಬಕ್ಕೆ!
ಕೈ ನನ್ನನ್ನು ಕೇಳದೆ ಉಲ್ಟಾ ಕಲಿಯಿತು.
ಏರಿತು.

ಅವನು ಏನೋ ಕೂಗುತ್ತಿದ್ದ. ನಾನು ಒಂದೇ ಕ್ಷಣ ಕೆಳಗೆ ನೋಡಿದೆ:
ಸದ್ದಿಗೆ ಹೊರಗೋಡಿ ಬಂದ ಹೆನೊವೆವಾ
ಹಗ್ಗದ ಮೇಲಿನ ಚಾದರಕ್ಕೆ ಕೈ ಹಾಕಿ,
ತಲೆ ಎತ್ತಿ,
ಬಿಟ್ಟಳು.

ಇಳಿದದ್ದು ರಸ್ತೆಬದಿ ಕೋಕೋ ಬೀಜ ಒಣಹಾಕಿದ ಟಾರ್ಪಾಲಿನ ಮೇಲೆ,
ಬೈಗುಳದ ನಡುವೆ.
ನಾಲ್ಕನೆಯ ಎಲುಬು ಗಟ್ಟಿಯಿದೆ. ಐದು, ಆರು ಹೋಗಿವೆ,
ಆರರ ಜೊತೆ ನನ್ನ ಹೆಬ್ಬೆರಳ ಚೂರೂ.
ಇವತ್ತು ರಾತ್ರಿ ಕೂತು
ಏಪ್ರನ್ನಿನ ಜೇಬು ಬಿಚ್ಚಿ
ಸ್ವಲ್ಪ ದೊಡ್ಡದಾಗಿ ಹೊಲಿಯಬೇಕು.